ಮಹಡಿಯೇರಿದ ಅಂಗಳ

ಕಡೂರು, ತರೀಕೆರೆ, ಅಜ್ಜಂಪುರಗಳ ಪೇಟೆಬೀದಿಗಳಲ್ಲಿ ನಡೆದಾಡುವವರು ಒಂದು ನೋಟವನ್ನು ಗಮನಿಸಿರಬಹುದು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯ ಮುಂದೆ ಬೀದಿಯ ಕಡೆಗೆ ಚಾಚಿಕೊಂಡ ಮೂರು ನಾಲ್ಕು ಅಡಿ ಅಗಲದ ಬಾಲ್ಕನಿ. ಅದರ ಕಂಬಿಗಳ ಹಿಂದೆ ಸಾಲಾಗಿ ಜೋಡಿಸಿದ ಹೂಕುಂಡಗಳು. ಇದು ಈಚಿನವರ ಷೋಕಿ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಇದು ತಾವೇ ಕಂಡುಹಿಡಿದ ಹೊಸ ಕಲೆಯೆಂದು ಕಿರಿಯರು ಹಿಗ್ಗುತ್ತಾರೆ. ಎರಡು ಮಾತೂ ಪೂರ್ತಿ ಸರಿಯಲ್ಲ. ಈ ನಾಲ್ಕಡಿಯ ತೋಟಕ್ಕೆ ದೀರ್ಘವಾದ ವಂಶಾವಳಿಯುಂಟು. ಅದನ್ನು ಸ್ವಲ್ಪ ಬಿಡಿಸಿ ನೋಡಿದರೆ ಹಿಂದಿನವರಿಂದ ನಮ್ಮ ಕೈಗೆ ಬಂದುದೇನು, ಕೈತಪ್ಪಿ ಹೋಗುತ್ತಿರುವುದೇನು ಎಂಬುದು ತಿಳಿಯುತ್ತದೆ.

ಮೊದಲು ಮಾತಿನಿಂದಲೇ ತೊಡಗೋಣ. ನಾವು ಇಂದು 'ತೋಟ' ಎನ್ನುವುದು ಹಳಗನ್ನಡದಲ್ಲಿ 'ತೋಂಟ'. ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ಎಣಿಸುವ ಶಾಸನಗಳಲ್ಲಿ ಗದ್ದೆ, ಬೆದ್ದಲೆಗಳ ಜೊತೆಗೆ ಹೂದೋಂಟವೂ ಬರುವುದುಂಟು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯನ್ನು ನಮ್ಮ ಭಾಗದವರೆಲ್ಲ ಬಲ್ಲರು; ಅಲ್ಲಿಯ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು ಎಂಬುದು ನಮಗೆ ಹೆಮ್ಮೆ. ಅಂಥ ಗುಡಿಗಳು ಎದ್ದ ಕಾಲದಲ್ಲಿ ದಿನದಿನದ ಪೂಜೆಗೆ ದಿನದಿನವೂ ಹೂವು ಬೇಕಾಗಿತ್ತು. ಆದುದರಿಂದ ತೋಟವೆಂಬುದು ಊರಿನ ವ್ಯವಸ್ಥೆಯ ಒಂದು ಅಂಗವಾಗಿತ್ತು.

ಗಿಡ ಬೆಳೆಸುವ ವಿದ್ಯೆಯನ್ನು ಆ ಕಾಲದವರು ಶಾಸ್ತ್ರವಾಗಿಯೇ ಎಣಿಸಿದ್ದರು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಗಿಡ ನೆಡುವ ನೆಲ ಮೃದುವಾಗಿರಬೇಕು. ಅದರಲ್ಲಿ ಮೊದಲು ಎಳ್ಳು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕು ಎಂದು ಅವನ ವಿಧಿ. ಇಂದು ಹಸಿರೆಲೆ ಗೊಬ್ಬರವೆನ್ನುವುದು ಇದನ್ನೇ ಅಲ್ಲವೆ? ನೀರಿನ ವಿಷಯದಲ್ಲಿ ಅವನು ಹೇಳುವುದು ಇನ್ನೂ ಸ್ಪಷ್ಟ: ಹೊಸದಾಗಿ ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ಮಣ್ಣು ಒಣಗಿದಾಗ ಮಾತ್ರ. ಕನ್ನಡದಲ್ಲಿ ಈ ವಿದ್ಯೆಯನ್ನು ಜನರ ಕೈಗಿತ್ತವನು ಎರಡನೆಯ ಚಾವುಂಡರಾಯ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ ಅವನು ರಚಿಸಿದ 'ಲೋಕೋಪಕಾರ'ದಲ್ಲಿ ಜ್ಯೋತಿಷ, ವಾಸ್ತು, ಅಂತರ್ಜಲ ಶೋಧನೆ, ಅಡಿಗೆ, ವೈದ್ಯ ಇವುಗಳ ನಡುವೆ ವೃಕ್ಷಾಯುರ್ವೇದವೂ ಇದೆ. ಮನೆ ಕಟ್ಟುವುದು, ನೀರು ಹುಡುಕುವುದು, ಅಡಿಗೆ ಮಾಡುವುದು, ಗಿಡ ಬೆಳೆಸುವುದು ಇವೆಲ್ಲ ಒಂದೇ ಪುಸ್ತಕದ ಪುಟಗಳೆಂಬುದು ಗಮನಿಸತಕ್ಕ ಸಂಗತಿ. ಗೃಹಸ್ಥನಾದವನು ಇವಿಷ್ಟನ್ನೂ ತಿಳಿದಿರಬೇಕೆಂಬುದು ಆ ಕವಿಯ ಎಣಿಕೆಯಾಗಿತ್ತು.

ಇನ್ನು ಕುಂಡದ ಮಾತು. ನೆಲವಿಲ್ಲದ ಕಡೆ ಮಣ್ಣನ್ನು ಪಾತ್ರೆಯಲ್ಲಿ ತುಂಬಿ ಬೀಜ ಬಿತ್ತುವುದೂ ಹಳೆಯ ಸಂಗತಿಯೇ. ಮದುವೆ ಮುಂಜಿಗಳಲ್ಲಿ ಅಂಕುರಾರ್ಪಣೆಯೆಂದು ಪಾಲಿಕೆಗಳಲ್ಲಿ ಮಣ್ಣು ಹಾಕಿ ಧಾನ್ಯಗಳನ್ನು ಮೊಳೆಯಿಸುವುದನ್ನು ನಾವು ಕಂಡಿದ್ದೇವೆ. ಮನೆಯೊಳಗಣ ಅತಿ ಪುಟ್ಟ ತೋಟವೆಂದರೆ ಅದೇ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿಯೂ ಇದನ್ನು ಹೋಲುವ ಪದ್ಧತಿಯಿತ್ತು. ಅಡೋನಿಸನ ಹಬ್ಬದಲ್ಲಿ ಅಲ್ಲಿಯ ಹೆಂಗಸರು ಒಡೆದ ಮಡಕೆಯ ಹೋಳುಗಳಲ್ಲಿ ಮಣ್ಣು ತುಂಬಿ, ಸೊಪ್ಪಿನ ಬೀಜ, ಸೋಂಪಿನ ಬೀಜ ಬಿತ್ತಿ ಮನೆಯ ಮಾಡಿನ ಮೇಲೆ ಇಡುತ್ತಿದ್ದರು. ಬಿಸಿಲಿಗೆ ಬೇಗನೆ ಮೊಳೆತು, ಅಷ್ಟೇ ಬೇಗನೆ ಬಾಡುತ್ತಿದ್ದ ಆ ಸಸಿಗಳಿಂದಾಗಿ 'ಅಡೋನಿಸನ ತೋಟ' ಎಂಬುದು ಗ್ರೀಕರಲ್ಲಿ ಬಾಳಿಕೆಯಿಲ್ಲದ ವಸ್ತುವಿಗೆ ಗಾದೆಯಾಗಿ ನಿಂತಿತು.

ನಮ್ಮ ಬಯಲುಸೀಮೆ, ಅರೆಮಲೆನಾಡುಗಳ ಹಳೆಯ ಮನೆಗಳಿಗೆ ಬರೋಣ. ಅಲ್ಲಿ ಗಿಡಗಳಿಗೆ ಎರಡು ಠಾವು. ಮನೆಯ ಮುಂದೆ ಅಂಗಳ; ಮನೆಯ ಹಿಂದೆ ಹಿತ್ತಲು. ಅಂಗಳದಲ್ಲಿ ತುಳಸಿಕಟ್ಟೆ, ಅದರ ಆಸುಪಾಸಿನಲ್ಲಿ ಮಲ್ಲಿಗೆ, ದಾಸವಾಳ, ಕನಕಾಂಬರ. ಇದು ದೇವರಿಗೆ, ಮುಡಿಗೆ, ಬಂದವರ ಕಣ್ಣಿಗೆ. ಜಗಲಿ, ಪಡಸಾಲೆ, ಅಡಿಗೆಮನೆಗಳನ್ನು ದಾಟಿ ಬಚ್ಚಲ ಬಾಗಿಲಿನಿಂದ ಹೊರಗೆ ಬಂದರೆ ಹಿತ್ತಲು. ಬಾವಿ ಅಲ್ಲಿ, ಒಗೆಯುವ ಕಲ್ಲು ಅಲ್ಲಿ. ಬಚ್ಚಲಿನಿಂದ ಹರಿದ ನೀರಿಗೆ ಒಂದೆರಡು ಬಾಳೆ, ಕೆಸು. ಬೇಲಿಗೆ ಹಬ್ಬಿದ ಬಸಳೆ, ಅಮೃತಬಳ್ಳಿ. ಕರಿಬೇವು, ನುಗ್ಗೆ, ನಿಂಬೆ. ತಂಪಿನ ಜಾಗದಲ್ಲಿ ಒಂದೆಲಗ. ಮಗುವಿಗೆ ನೆಗಡಿಯಾದರೆ ಕೈಗೆ ಸಿಗುವಂತೆ ದೊಡ್ಡಪತ್ರೆ. 'ಹಿತ್ತಲು' ಎಂಬುದು ಹಳಗನ್ನಡದ 'ಪಿತ್ತಿಲ್'; ಹಿಂದೆ ಎಂಬರ್ಥದ ಬೇರಿನಿಂದ ಬಂದ ಶಬ್ದ. ಅಂಗಳದ ಒಡೆತನ ಮನೆಯ ಯಜಮಾನನದಾದರೆ ಹಿತ್ತಲಿನ ಒಡೆತನ ಅಜ್ಜಿಯದು, ಅತ್ತೆಯದು, ಸೊಸೆಯದು. ಯಾವ ಸೊಪ್ಪು ಯಾವ ಕಾಲಕ್ಕೆ, ಯಾವ ಚಿಗುರು ಯಾವ ಬೇನೆಗೆ ಎಂಬುದು ಅಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಕಡ್ಡಿ, ಬೇರು, ಬೀಜಗಳು ಬೇಲಿಯ ಮೇಲಿನಿಂದ ಕೈಯಿಂದ ಕೈಗೆ ಹೋಗುತ್ತಿದ್ದವು. ಹಣ ಕೊಟ್ಟು ದೊಡ್ಡಪತ್ರೆಯ ಕಡ್ಡಿ ಕೊಂಡುಕೊಂಡವರನ್ನು ಆ ಕಾಲದಲ್ಲಿ ಯಾರೂ ಕೇಳಿರಲಾರರು.

ಹಾಗೆಂದು ನಮ್ಮ ಹಿತ್ತಲಿನ ಗಿಡಗಳೆಲ್ಲ ಅನಾದಿಯಿಂದ ಇಲ್ಲಿಯವೇ ಎಂದು ತಿಳಿಯಬಾರದು. ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದ ಗಿಡ ಮೆಣಸಿನಕಾಯಿಯದು. 'ಮೆಣಸು' ಎಂಬ ಕಾಳಿನ ಹೆಸರನ್ನೇ ಈ ಕಾಯಿಗೂ ಇಟ್ಟು ನಮ್ಮವರು ಅದನ್ನು ಒಳಗೆ ಕರೆದುಕೊಂಡರು. ಚಾವುಂಡರಾಯನ ಕಾಲದ ಅಡಿಗೆಮನೆ ಅದನ್ನು ಕಂಡರಿಯದು. ಚೆಂಡುಹೂವು ಮೆಕ್ಸಿಕೋ ದೇಶದ್ದು. 'ಸೀಮೆ' ಎಂಬ ಮಾತು ಮುಂದಿದ್ದರೆ ಹೊರಗಿನಿಂದ ಬಂದುದೆಂದೇ ಲೆಕ್ಕ. ಇಂಥ ಅತಿಥಿಗಳಿಗೆ ನಮ್ಮ ನಾಡಿನಲ್ಲಿ ದೊಡ್ಡ ಹೆಬ್ಬಾಗಿಲೆಂದರೆ ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ತೊಡಗಿಸಿ, ಟಿಪ್ಪು ಬೆಳೆಸಿದ ಆ ತೋಟ 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಅಲ್ಲಿಯ ಅಧಿಕಾರಿಯಾಗಿದ್ದ ಜಾನ್ ಕ್ಯಾಮೆರಾನ್ ಸೀಮೆಬದನೆಯನ್ನು ತಂದು ಬೆಳೆಸಿದನು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು; ಅದರೊಳಗೆ ಫಲಪುಷ್ಪ ಪ್ರದರ್ಶನಗಳು ನಡೆದು ಕುಂಡದಲ್ಲಿ ಸಾಕಿದ ಗಿಡಕ್ಕೆ ಒಂದು ಪ್ರತಿಷ್ಠೆ ಬಂದಿತು. ಆ 1889ರಲ್ಲೇ ರೈಲುಹಾದಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹರಿಹರ ಮುಟ್ಟಿತು. 1899ರಲ್ಲಿ ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಯಿತು. ಬೆಂಗಳೂರಿನ ರುಚಿ ನಮ್ಮ ಊರುಗಳಿಗೆ ಬರಲು ದಾರಿಯಾಯಿತು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾಗಿದ್ದ ಕೆಮ್ಮಣ್ಣುಗುಂಡಿ ತೋಟಗಾರಿಕೆ ಇಲಾಖೆಯ ಕೈಗೆ ಬಂದಾಗ ತರೀಕೆರೆಯವರಿಗೆ ಅಂಥದೊಂದು ಉದ್ಯಾನ ಬೆಟ್ಟದ ಮೇಲೆಯೇ ದೊರೆಯಿತು. ರೋಜ, ಡೇಲಿಯ, ಕ್ರೋಟನ್ ಎಂಬ ಹೆಸರುಗಳು ಮನೆಮಾತಾದವು. ಖಾಲಿಯಾದ ಸೀಮೆಎಣ್ಣೆಯ ಡಬ್ಬ, ಅದಕ್ಕೊಂದು ಹಸಿರು ಬಣ್ಣ: ಬಡ ಗುಮಾಸ್ತೆಯ ಮನೆಯ ಮುಂದೂ ಲಾಲ್‌ಬಾಗಿನ ಒಂದು ತುಣುಕು ನಿಂತಿತು.

ಆದರೂ ಕುಂಡ ಮಹಡಿಯೇರುವುದು ತಡವಾಯಿತು. ಅದಕ್ಕೆ ಕಾರಣ ಮಾಡು. ಬಯಲಿನ ಹಳೆಯ ಮಣ್ಣಿನ ಮಾಳಿಗೆ ನೀರನ್ನು ಸಹಿಸದು. ನಾಡಹೆಂಚಿನ ಮಾಡಿನ ಮೇಲಾಗಲಿ, 1865ರಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದು ತಯಾರಿಸತೊಡಗಿದ ಮಂಗಳೂರು ಹೆಂಚಿನ ಮೇಲಾಗಲಿ ಕುಂಡ ನಿಲ್ಲದು. ಕಬ್ಬಿಣ ಸಿಮೆಂಟುಗಳ ಚಪ್ಪಡಿ ಬಂದ ಮೇಲೆಯೇ ನೆಲದಂತೆ ಸಮನಾದ ತಾರಸಿಯೂ ಗೋಡೆಯಿಂದ ಹೊರಚಾಚಿದ ಬಾಲ್ಕನಿಯೂ ಸಾಧ್ಯವಾದವು. ಇಷ್ಟರಲ್ಲಿ ಇತ್ತ ಹಿತ್ತಲು ಕರಗುತ್ತಿತ್ತು. ಅಣ್ಣತಮ್ಮಂದಿರು ಪಾಲಾದಾಗ ಹಿಂದಿನ ಜಾಗದಲ್ಲಿ ಇನ್ನೊಂದು ಮನೆ ಎದ್ದಿತು; ನಲ್ಲಿ ಬಂದು ಬಾವಿ ಮುಚ್ಚಿತು; ಬಚ್ಚಲ ನೀರು ಬಾಳೆಯ ಬುಡವನ್ನು ಬಿಟ್ಟು ಚರಂಡಿಗೆ ಹೋಯಿತು. ಮುಂದಿನ ಅಂಗಳ ಅಂಗಡಿಯ ಮಳಿಗೆಯಾಯಿತು. ಮನೆ ಮೇಲಕ್ಕೆ ಬೆಳೆಯಿತು.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮಾತು ಇರುವುದು. ಮನೆ ಮೇಲಕ್ಕೆ ಹೋದಾಗ ಅಂಗಳವೂ ಅದರ ಜೊತೆಯಲ್ಲಿ ಮೆಟ್ಟಿಲೇರಿತು, ಹಿತ್ತಲು ಏರಲಿಲ್ಲ. ಬಾಲ್ಕನಿ ಬೀದಿಗೆ ಮುಖ ಮಾಡಿರುವುದರಿಂದ ಅದು ಅಂಗಳದ ನಡತೆಯನ್ನೇ ಕಲಿತುಕೊಂಡಿತು. ತುಳಸಿ ಬಂದಿತು, ಹೂವು ಬಂದಿತು, ಬಣ್ಣದ ಎಲೆಯ ಗಿಡಗಳು ಬಂದವು. ಬಸಳೆ, ಒಂದೆಲಗ, ದೊಡ್ಡಪತ್ರೆಗಳು 'ಇವನ್ನೆಲ್ಲ ಮುಂದುಗಡೆ ಇಡುವುದೆ?' ಎಂಬ ಸಂಕೋಚಕ್ಕೆ ಸಿಕ್ಕಿ ಕೆಳಗೆಯೇ ಉಳಿದವು. ಕೆಳಗೆ ಜಾಗವಿಲ್ಲದ್ದರಿಂದ ಇಲ್ಲವೇ ಆದವು. ಗಿಡದ ಜೊತೆಗೆ ಅದರ ತಿಳಿವಳಿಕೆಯೂ ಹೋಗುತ್ತದೆ. ತರಗತಿಯಲ್ಲಿ ಒಮ್ಮೆ 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, "ಹಿತ್ತಲು ಎಂದರೇನು ಸಾರ್?" ಎಂದು ಕೇಳಿದಳು. ಜಾಣೆ, ವ್ಯಾಕರಣದಲ್ಲಿ ಮುಂದು. ಅವಳು ಹುಟ್ಟಿ ಬೆಳೆದ ಮನೆಗೆ ಹಿತ್ತಲೇ ಇಲ್ಲದಿದ್ದರೆ ಅವಳ ತಪ್ಪೇನು? ಹತ್ತಿರದ ವಸ್ತುವಿನ ಬೆಲೆ ತಿಳಿಯುವುದಿಲ್ಲವೆಂಬ ಕೊರಗು ಆ ಗಾದೆಯದು. ಈಗ ವಸ್ತುವೇ ಹತ್ತಿರವಿಲ್ಲ. ಗಾದೆ ಮಾತ್ರ ಪಠ್ಯಪುಸ್ತಕದಲ್ಲಿ ಉಳಿದಿದೆ.

ಇದಕ್ಕೆ ಪರಿಹಾರವಿಲ್ಲವೆ? ಇದೆ, ಅದೂ ಆ ನಾಲ್ಕಡಿಯೊಳಗೇ ಇದೆ. ಬಾಲ್ಕನಿಯ ಅರ್ಧವನ್ನು ಅಂಗಳಕ್ಕೆ ಬಿಟ್ಟು ಉಳಿದರ್ಧವನ್ನು ಹಿತ್ತಲಿಗೆ ಕೊಡಬಹುದು. ಕಂಬಿಗೆ ಬಸಳೆ ಹಬ್ಬಿಸಿದರೆ ಅದೂ ನೋಡಲು ಚಂದವೇ. ಒಂದೆಲಗಕ್ಕೆ ಆಳ ಬೇಡ, ಅಗಲವಾದ ತಟ್ಟೆಯಂಥ ಪಾತ್ರೆ, ನೆರಳು, ಸದಾ ಒದ್ದೆ ಇದ್ದರೆ ಸಾಕು. ದೊಡ್ಡಪತ್ರೆ ಕಡ್ಡಿ ಊರಿದರೆ ಬರುತ್ತದೆ. ಅದಕ್ಕೆ ಹೆಚ್ಚು ನೀರೇ ಶತ್ರು. ಮೆಂತ್ಯ, ಕೊತ್ತಂಬರಿಗಳ ಬೀಜ ಅಡಿಗೆಮನೆಯ ಡಬ್ಬದಲ್ಲಿಯೇ ಉಂಟು. ಕರಿಬೇವಿಗೆ ಮಾತ್ರ ದೊಡ್ಡ ಕುಂಡ ಬೇಕು.

ಮಣ್ಣಿನ ವಿಷಯದಲ್ಲಿ ನಮ್ಮ ಮೂರು ಊರಿನವರೂ ಒಂದೊಂದು ಎಚ್ಚರ ವಹಿಸಬೇಕು. ಅಜ್ಜಂಪುರದ ಕಡೆಯ ಎರೆಮಣ್ಣು ಹೊಲಕ್ಕೆ ಹೊನ್ನು, ಕುಂಡಕ್ಕೆ ಹೊರೆ. ನೆನೆದರೆ ಅಂಟಾಗಿ ಬೇರಿನ ಉಸಿರು ಕಟ್ಟುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಅದಕ್ಕೆ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಬೇಕು. 1929ರಿಂದ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವ ಊರಿನವರಿಗೆ ಸಗಣಿಗೊಬ್ಬರದ ಗುಣವನ್ನು ನಾನು ಹೇಳಬೇಕಾಗಿಲ್ಲ. ತರೀಕೆರೆಯ ಕೆಮ್ಮಣ್ಣು ಕುಂಡಕ್ಕೆ ಒಗ್ಗುತ್ತದೆ. ಆದರೆ ಮಳೆ ಹೆಚ್ಚು, ಆದುದರಿಂದ ತಳದ ತೂತಿನ ಮೇಲೆ ಹೆಂಚಿನ ಚೂರನ್ನಿಟ್ಟು ನೀರು ಇಳಿಯುವಂತೆ ಮಾಡಬೇಕು. ಕಡೂರಿನ ಬಿಸಿಲಿನಲ್ಲಿ, ಅದರಲ್ಲಿಯೂ ಪಡುವಣ ಮುಖದ ಬಾಲ್ಕನಿಯಲ್ಲಿ, ವರಾಹಮಿಹಿರನ ಎರಡು ಹೊತ್ತಿನ ವಿಧಿಯೇ ಗತಿ. ಅಕ್ಕಿ ಬೇಳೆ ತೊಳೆದ ನೀರನ್ನು ಚೆಲ್ಲದೆ ಇಟ್ಟುಕೊಂಡರೆ ಹಳೆಯ ಬಚ್ಚಲ ನೀರಿನ ಮಿತವ್ಯಯ ಮತ್ತೆ ಮನೆಗೆ ಬಂದಂತಾಗುತ್ತದೆ. ಇನ್ನೊಂದು ಮಾತು: ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 45ರಿಂದ 50 ಕಿಲೋ ತೂಗುತ್ತದೆ. ಹೊರಚಾಚಿದ ಚಪ್ಪಡಿಯ ತುದಿಯಲ್ಲಿ ಭಾರದ ಕುಂಡಗಳನ್ನು ಸಾಲುಗಟ್ಟಿಸದೆ ಗೋಡೆಯ ಮಗ್ಗುಲಿಗೆ ಇಡುವುದು ಲೇಸು.

ಪ್ರದರ್ಶನದಿಂದ ಕೊಂಡುತಂದು ಹೆಸರನ್ನೂ ಕೇಳದೆ ಕಂಬಿಯ ಬಳಿ ಇಟ್ಟ ಗಿಡ ಎರಡು ತಿಂಗಳಲ್ಲಿ ಅಡೋನಿಸನ ತೋಟವಾಗುತ್ತದೆ. ದಿನಕ್ಕೆ ನಾಲ್ಕು ಎಲೆ ಕಿತ್ತು ತಂಬುಳಿಗೆ ಹಾಕುವ ಗಿಡವನ್ನು ಮನೆಯವರು ಮರೆಯಲಾರರು. ಬಳಸುವ ಕೈಯೇ ಅದಕ್ಕೆ ನೀರೆರೆಯುವ ಕೈಯಾಗುತ್ತದೆ. ಹಿತ್ತಲು ಅಷ್ಟು ಕಾಲ ಬಾಳಿದುದರ ಗುಟ್ಟು ಇದು. ಆ ಗಿಡಗಳ ಹೆಸರು ಹೇಳಿ, ಎಲೆ ಉಜ್ಜಿ ವಾಸನೆ ತೋರಿಸಬಲ್ಲ ಅಜ್ಜಿಯರು ನಮ್ಮ ಮೂರು ಊರುಗಳಲ್ಲಿಯೂ ಇನ್ನೂ ಇದ್ದಾರೆ. ಅವರಿರುವಾಗಲೇ ಒಂದೊಂದು ಕಡ್ಡಿಯನ್ನು ಕೇಳಿ ಪಡೆದು, ಅದರ ಜೊತೆಗೆ ಒಂದೊಂದು ಮಾತನ್ನೂ ಪಡೆದು ಕುಂಡದಲ್ಲಿ ಊರಿದರೆ, ಮುಂದೆ ಯಾವ ತರಗತಿಯಲ್ಲಿಯಾದರೂ ಆ ಗಾದೆ ಬಂದಾಗ ಮಕ್ಕಳು ಅರ್ಥ ಕೇಳಬೇಕಾಗಿ ಬಾರದು. ಮನೆಯಿಂದ ಒಂದು ಎಲೆಯನ್ನು ತಂದು ಮೇಜಿನ ಮೇಲಿಟ್ಟಾರು.