ಗೋಡೆಗೇರಿದ ಕೌದಿ

ಕೌದಿ ಎಂದರೇನೆಂದು ನಮ್ಮ ಸಂಘದ ಸದಸ್ಯರಿಗೆ, ಅದರಲ್ಲೂ ಧಾರವಾಡ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದವರಿಗೆ, ವಿವರಿಸಿ ಹೇಳಬೇಕಾಗಿಲ್ಲ. ಉಟ್ಟು ಸವೆದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ದಾರ ಓಡಿಸಿ ಹೊಲಿದ ಹೊದಿಕೆ ಅದು. ಊರು ಬಿಟ್ಟು ಬರುವಾಗ ಎಷ್ಟೋ ಮನೆಗಳ ಕೌದಿ ಹೋಲ್ಡಾಲಿನೊಳಗೆ ಸುತ್ತಿಕೊಂಡು ರೈಲು ಹತ್ತಿದೆ. ಅತಿಥಿಗಳು ಬಂದರೆ ಮಾತ್ರ ಅದನ್ನು ಒಳಕೋಣೆಗೆ ಸರಿಸಿ ಅಂಗಡಿಯ ಚಾದರ ಹಾಸುವುದು ನಮ್ಮಲ್ಲಿ ರೂಢಿ. ಇಂಥ ವಸ್ತುವನ್ನು ಗೋಡೆಗೆ ತೂಗುಹಾಕುತ್ತಾರೆ, ಜನ ಟಿಕೀಟು ಕೊಂಡು ನೋಡುತ್ತಾರೆ ಎಂದರೆ ನಮ್ಮ ಅಜ್ಜಿಯರು ನಕ್ಕುಬಿಡುತ್ತಿದ್ದರೇನೋ. ಆದರೆ ಅಮೆರಿಕದಲ್ಲಿ ಹಾಗೆ ಆಗಿ ಐವತ್ತು ವರ್ಷ ಮೀರಿತು. ಹಾಸಿಗೆಯ ಮೇಲಿದ್ದ ಹೊದಿಕೆ ಗೋಡೆಗೆ ಏರಿದ್ದು ಹೇಗೆ, ಏರುವ ದಾರಿಯಲ್ಲಿ ಅದನ್ನು ಹೊಲಿದವಳ ಹೆಸರು ಏನಾಯಿತು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಅವರ ಕ್ವಿಲ್ಟು ನಮ್ಮ ಕೌದಿಯ ದೂರದ ನೆಂಟ. ಅದಕ್ಕೆ ಸಾಮಾನ್ಯವಾಗಿ ಮೂರು ಪದರ: ಮೇಲೆ ತುಂಡುಬಟ್ಟೆಗಳನ್ನು ಜೋಡಿಸಿದ ಹಾಳೆ, ನಡುವೆ ತೆಳುವಾಗಿ ಹರಡಿದ ಹತ್ತಿ ಅಥವಾ ಉಣ್ಣೆ, ಕೆಳಗೆ ಅಸ್ತರಿ. ಮೂರನ್ನೂ ಹಿಡಿದಿಡುವುದು ಓಡುಹೊಲಿಗೆ. ಚಳಿದೇಶದಲ್ಲಿ ಅದು ಶೋಕಿಯ ವಸ್ತುವಲ್ಲ, ಬದುಕಿಗೆ ಬೇಕಾದದ್ದು.

ಈ ಕಥೆಯನ್ನು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಿಂದ ಆರಂಭಿಸುವುದು ನ್ಯಾಯ. 1837ರಲ್ಲಿ ಆ ಸೀಮೆಯಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಎಂಬಾಕೆ, ಗುಲಾಮಗಿರಿ ಕೊನೆಗೊಂಡ ಮೇಲೆ ಗಂಡನೊಂದಿಗೆ ಬೇಸಾಯ ಮಾಡಿಕೊಂಡಿದ್ದಳು. 1886ರಲ್ಲಿ ಅಥೆನ್ಸಿನಲ್ಲಿ ನಡೆದ ಹತ್ತಿಯ ಜಾತ್ರೆಗೆ ಆಕೆ ತಾನು ಹೊಲಿದ ಒಂದು ಕ್ವಿಲ್ಟನ್ನು ತಂದಿಟ್ಟಳು. 11 ಚೌಕಗಳಲ್ಲಿ ಬೈಬಲ್ಲಿನ ಕಥೆಗಳು: ಆದಾಮ ಮತ್ತು ಹವ್ವ, ತಮ್ಮನನ್ನು ಕೊಂದ ಕಾಯಿನ, ಯಾಕೋಬನ ಕನಸು, ಕ್ರಿಸ್ತನ ಕೊನೆಯ ಊಟ. ಬಣ್ಣದ ಬಟ್ಟೆಯಲ್ಲಿ ಮನುಷ್ಯರ, ಮೃಗಗಳ ಆಕಾರ ಕತ್ತರಿಸಿ ಮೇಲೆ ಹಚ್ಚಿ ಹೊಲಿದದ್ದು. ಜೆನ್ನಿ ಸ್ಮಿತ್ ಎಂಬ ಬಿಳಿಯ ಚಿತ್ರಕಲಾ ಶಿಕ್ಷಕಿ ಅದನ್ನು ಕಂಡು, ಹುಡುಕಿಕೊಂಡು ಹೋಗಿ, ಕೊಡುತ್ತೀಯಾ ಎಂದು ಕೇಳಿದಳು. ಯಾವ ಬೆಲೆಗೂ ಕೊಡೆನೆಂದಳು ಹ್ಯಾರಿಯೆಟ್.

ನಾಲ್ಕೈದು ವರ್ಷಗಳಲ್ಲಿ ಕಷ್ಟಕಾಲ ಬಂತು. ಒಂದು ಮಧ್ಯಾಹ್ನ ಹ್ಯಾರಿಯೆಟ್ ಎತ್ತಿನ ಗಾಡಿಯಲ್ಲಿ ಬಂದು ಶಿಕ್ಷಕಿಯ ಬಾಗಿಲಲ್ಲಿ ಇಳಿದಳು. ಮಡಿಲಲ್ಲಿ ಕ್ವಿಲ್ಟು, ಅದನ್ನು ಒಗೆದು ಶುಭ್ರ ಮಾಡಿದ ಹಿಟ್ಟಿನ ಚೀಲದಲ್ಲಿಟ್ಟು, ಅದರ ಮೇಲೆ ಗೋಣಿಯಂಥ ಒರಟು ಚೀಲ ಹಾಕಿದ್ದಳು. 10 ಡಾಲರು ಕೇಳಿದಳು. ಶಿಕ್ಷಕಿ 5 ಡಾಲರಿಗಿಂತ ಹೆಚ್ಚು ಕೊಡಲಾರೆನೆಂದಳು. ಹ್ಯಾರಿಯೆಟ್ ಹೊರಗೆ ಹೋಗಿ ಗಂಡನನ್ನು ಕೇಳಿ ಬಂದು, ಒಪ್ಪಿ ಕೊಟ್ಟಳು. ಕೊಡುವ ಮೊದಲು ಒಂದೊಂದೇ ಚೌಕದ ಅರ್ಥವನ್ನು ಹೇಳಿದಳು, ಶಿಕ್ಷಕಿ ಬರೆದುಕೊಂಡಳು. ನಿನಗೆ ನನ್ನಲ್ಲಿ ಉಳಿಯುವ ತುಂಡುಬಟ್ಟೆಗಳನ್ನೆಲ್ಲ ತೆಗೆದಿಡುತ್ತೇನೆ ಎಂದಾಗ ಆಕೆಗೆ ಅಷ್ಟಿಷ್ಟು ಸಮಾಧಾನವಾಯಿತಂತೆ. ಆಮೇಲೂ ಹ್ಯಾರಿಯೆಟ್ ಹಲವು ಸಲ ಆ ಮನೆಗೆ ಬಂದು ತನ್ನ ಕ್ವಿಲ್ಟನ್ನು ನೋಡಿಕೊಂಡು ಹೋದಳೆಂದು ಶಿಕ್ಷಕಿಯೇ ಬರೆದಿಟ್ಟಿದ್ದಾಳೆ. ಮಗಳನ್ನು ಕೊಟ್ಟ ಮನೆಗೆ ತಾಯಿ ಹೋಗಿಬರುವ ಹಾಗೆ.

ಅದು ಈಗ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಆಕೆಯದೇ ಇನ್ನೊಂದು ಕ್ವಿಲ್ಟು, 15 ಚೌಕಗಳದ್ದು, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬೈಬಲ್ಲಿನ ಜೊತೆಗೆ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಸುದ್ದಿಗಳೂ ಇವೆ. 1833ರ ನವೆಂಬರ 13ರ ರಾತ್ರಿ ಆಕಾಶದಿಂದ ಉಲ್ಕೆಗಳ ಮಳೆ ಸುರಿದದ್ದು ಆಕೆ ಹುಟ್ಟುವುದಕ್ಕೂ ನಾಲ್ಕು ವರ್ಷ ಮೊದಲಿನ ಮಾತು, ಹಿರಿಯರಿಂದ ಕೇಳಿದ್ದು. ಜಾರ್ಜಿಯಾದಿಂದ ವರ್ಜೀನಿಯಾವರೆಗೆ 500 ಮೈಲಿ ಓಡಿದ ಬೆಟ್ಸ್ ಎಂಬ ಹಂದಿಯೂ ಅಲ್ಲಿದೆ! ಎರಡೂ ಕ್ವಿಲ್ಟುಗಳು ಒಂದೇ ಕಡೆ ಪ್ರದರ್ಶನಗೊಂಡದ್ದು 2021ರಲ್ಲಿ, ಬಾಸ್ಟನ್ನಿನಲ್ಲಿ. ಆಕೆ ತೀರಿಕೊಂಡದ್ದು 1910ರಲ್ಲಿ.

ಹ್ಯಾರಿಯೆಟ್ಟಳ ಹೆಸರು ಉಳಿಯಲು ಕಾರಣ ಒಂದು ಬಗೆಯ ಅದೃಷ್ಟ, ಕೊಂಡವಳು ಬರೆದಿಟ್ಟಳು. ಉಳಿದ ಸಾವಿರಾರು ಹೆಂಗಸರಿಗೆ ಆ ಅದೃಷ್ಟವಿರಲಿಲ್ಲ. 1971ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವಾನ್ ಡರ್ ಹೂಫ್ ಎಂಬಿಬ್ಬರು ತಾವು ಸಂಗ್ರಹಿಸಿದ ಸುಮಾರು 60 ಹಳೆಯ ಕ್ವಿಲ್ಟುಗಳನ್ನು ಆಧುನಿಕ ವರ್ಣಚಿತ್ರಗಳಂತೆಯೇ ಬಿಳಿಗೋಡೆಗೆ ತೂಗುಹಾಕಿದರು. ನೋಡಿದವರು ಬೆರಗಾದರು. ಹೆಸರಾಂತ ಚಿತ್ರಕಾರರು 1950, 60ರ ದಶಕಗಳಲ್ಲಿ ಮಾಡಿದ ಪಟ್ಟೆ-ಚೌಕಗಳ ಅಮೂರ್ತ ಚಿತ್ರಗಳನ್ನು ರೈತರ ಮನೆಯ ಹೆಂಗಸರು ನೂರು ವರ್ಷ ಮೊದಲೇ ಹಾಸಿಗೆಯ ಮೇಲೆ ಹಾಸಿದ್ದರಲ್ಲ! ಪತ್ರಿಕೆಗಳು ಹೊಗಳಿದವು, ಪ್ರದರ್ಶನದ ಅವಧಿ ಬೆಳೆಯಿತು, ಮುಂದೆ ಅದು ದೇಶವಿದೇಶ ಸುತ್ತಿತು.

ಆದರೆ ಹೊಲಿದವರು ಯಾರು? ಬಹುಮಟ್ಟಿಗೆ ಯಾರ ಹೆಸರೂ ಇರಲಿಲ್ಲ. 1973ರಲ್ಲಿ ಪೆಟ್ರೀಷಿಯಾ ಮೈನಾರ್ಡಿ ಎಂಬ ಕಲಾ ಇತಿಹಾಸಕಾರ್ತಿ ಇದನ್ನು ನೇರವಾಗಿ ಎತ್ತಿ ಆಡಿದರು: ಗಂಡಸರ ಚಿತ್ರಗಳನ್ನು ಹೋಲುತ್ತವೆಂಬ ಕಾರಣಕ್ಕೆ ಈ ಕ್ವಿಲ್ಟುಗಳನ್ನು ಮೆಚ್ಚಿ, ಮಾಡಿದ ಹೆಂಗಸರನ್ನು ಅನಾಮಿಕರನ್ನಾಗಿಸುವುದು ಯಾವ ನ್ಯಾಯ ಎಂದು. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ನಮ್ಮಂಥ ಗುಮಾಸ್ತರ ಪ್ರಪಂಚದಲ್ಲಿ ಎರಡು ಸಾಲಿನ ಟಿಪ್ಪಣಿ ಬರೆದರೂ ಕೆಳಗೆ ತಾರೀಖು ಹಾಕಿ ಮೊಟಕು ರುಜು ಹಾಕುತ್ತೇವೆ. ತಿಂಗಳುಗಟ್ಟಲೆ ಕೂತು ಹೊಲಿದದ್ದಕ್ಕೆ ರುಜುವಿಲ್ಲ. ಅದೇ ವೇಳೆಗೆ ಒಪ್ಪಬೇಕಾದ ಮಾತೂ ಒಂದಿದೆ. ಆ ಗೋಡೆ ಇಲ್ಲದಿದ್ದರೆ ಹೆಸರೇನೆಂಬ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ಆ ಹೊತ್ತಿಗೆ ಚಿತ್ರಕಲೆ ಕಲಿತವರೇ ಕೆಲವರು ಕುಂಚ ಬಿಟ್ಟು ಸೂಜಿ ಹಿಡಿದಿದ್ದರು. ಹಾಸುವುದಕ್ಕಲ್ಲ, ತೂಗುಹಾಕುವುದಕ್ಕೆಂದೇ ಹೊಲಿಯುವ ಕ್ವಿಲ್ಟುಗಳಿವು. ಸಾಂಪ್ರದಾಯಿಕ ಸ್ಪರ್ಧೆಗಳಲ್ಲಿ ಇವುಗಳಿಗೆ ಜಾಗ ಸಿಗುವುದು ಕಷ್ಟ. ಚಿತ್ರಶಾಲೆಗಳಿಗೆ ಇವು ಬರೀ ಹೊದಿಕೆ. ಕೊನೆಗೆ ಜಾಗ ಕೊಟ್ಟದ್ದು ಒಂದು ದನದ ಕೊಟ್ಟಿಗೆ. ಓಹಾಯೊ ರಾಜ್ಯದಲ್ಲೂ ಅಥೆನ್ಸ್ ಎಂಬ ಊರಿದೆ (ಅಮೆರಿಕದವರಿಗೆ ಆ ಹೆಸರಿನ ಮೇಲೆ ಮೋಹವೇನೋ). ಅಲ್ಲಿನ ಸರಕಾರಿ ಮಾನಸಿಕ ಆಸ್ಪತ್ರೆಗೆ ಹಾಲು ಒದಗಿಸುತ್ತಿದ್ದ ಹಳೆಯ ಕೊಟ್ಟಿಗೆ ನೆಲಸಮವಾಗುವುದನ್ನು ಊರವರು ತಪ್ಪಿಸಿದ್ದರು. ನ್ಯಾನ್ಸಿ ಕ್ರೋ, ಫ್ರಾನ್ಸ್ವಾಸ್ ಬಾರ್ನ್ಸ್, ವರ್ಜೀನಿಯಾ ರಾಂಡಲ್ಸ್ ಎಂಬ ಮೂವರು ಮುಂದಾಗಿ 1979ರಲ್ಲಿ ಅಲ್ಲಿಯೇ 'ಕ್ವಿಲ್ಟ್ ನ್ಯಾಷನಲ್' ಪ್ರದರ್ಶನ ಏರ್ಪಡಿಸಿದರು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನದಲ್ಲಿ ಪ್ರತಿಯೊಂದರ ಪಕ್ಕದಲ್ಲೂ ಮಾಡಿದವರ ಹೆಸರಿರುತ್ತದೆ.

ಬಟ್ಟೆಯನ್ನು ಪ್ರದರ್ಶಿಸುವುದು ಚಿತ್ರ ತೂಗುಹಾಕಿದಷ್ಟು ಸುಲಭವಲ್ಲ. ನಾಲ್ಕು ಮೊಳೆ ಹೊಡೆದರೆ ಭಾರವೆಲ್ಲ ಆ ನಾಲ್ಕು ಜಾಗಗಳ ಮೇಲೆ ಬಿದ್ದು ನೂಲು ಹರಿಯುತ್ತದೆ. ಆದ್ದರಿಂದ ಹಿಂಬದಿಯ ಮೇಲಂಚಿನುದ್ದಕ್ಕೂ ನೇಪದಂಥ ಒಂದು ಕೊಳವೆಯನ್ನು ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗುಹಾಕುತ್ತಾರೆ. ಬೆಳಕು ಇನ್ನೊಂದು ಶತ್ರು. ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇದ್ದರೆ, ಸಂಗ್ರಹಾಲಯಗಳು ಹಳೆಯ ಬಟ್ಟೆಯ ಮೇಲೆ ಬಿಡುವುದು 50 ಲಕ್ಸ್ ಮಾತ್ರ. ಅದೂ ಕೆಲವು ತಿಂಗಳು, ಆಮೇಲೆ ಕತ್ತಲಲ್ಲಿ ವಿಶ್ರಾಂತಿ. ಹಳೆಯ ಕ್ವಿಲ್ಟುಗಳಲ್ಲಿ ಕಂದು, ಕಪ್ಪು ತುಂಡುಗಳೇ ಮೊದಲು ಪುಡಿಯಾಗುವುದಕ್ಕೂ ಕಾರಣವಿದೆ. ಆ ಬಣ್ಣ ಹಿಡಿಯಲೆಂದು ಹಾಕಿದ ಕಬ್ಬಿಣದ ಲವಣ ಕಾಲಕ್ರಮದಲ್ಲಿ ನೂಲನ್ನೇ ತಿಂದುಹಾಕುತ್ತದೆ.

ಇನ್ನು ಅಲಬಾಮಾದ ಗೀಸ್ ಬೆಂಡ್. ನದಿ ಮೂರು ಕಡೆ ಸುತ್ತುವರಿದ ಹಳ್ಳಿ. ಹಿಂದೆ ಹತ್ತಿಯ ತೋಟದಲ್ಲಿ ಗುಲಾಮರಾಗಿದ್ದವರ ವಂಶಸ್ಥರು ಅಲ್ಲಿನ ನಿವಾಸಿಗಳು. ಮತದ ಹಕ್ಕು ಕೇಳಲು ಹೊರಟ ಕಾಲಕ್ಕೆ, 1962ರಲ್ಲಿ, ಪೇಟೆಗೆ ಹೋಗುವ ದೋಣಿಯನ್ನೇ ನಿಲ್ಲಿಸಲಾಯಿತು. ಅದು ಮತ್ತೆ ಓಡಿದ್ದು 2006ರಲ್ಲಿ! 1965ರ ಕೊನೆಗೆ ಆ ಪ್ರಾಂತದಲ್ಲಿ ಓಡಾಡುತ್ತಿದ್ದ ಒಬ್ಬ ಪಾದ್ರಿಯವರು ಬಟ್ಟೆ ಒಣಹಾಕುವ ಹಗ್ಗದ ಮೇಲಿನ ಕ್ವಿಲ್ಟುಗಳನ್ನು ಕಂಡರು. ಮರುವರ್ಷ ಹೆಂಗಸರ ಸಹಕಾರಿ ಸಂಘ ಹುಟ್ಟಿತು, ನ್ಯೂಯಾರ್ಕಿನಲ್ಲಿ ಹರಾಜೂ ಆಯಿತು. 2002ರಲ್ಲಿ ಹ್ಯೂಸ್ಟನ್ನಿನಲ್ಲೂ ನಂತರ ಅದೇ ವಿಟ್ನಿಯಲ್ಲೂ ಅವರ ಕ್ವಿಲ್ಟುಗಳು ಗೋಡೆಗೇರಿದಾಗ ಹೊಲಿದವಳ ಹೆಸರು, ಇಸವಿ ಎಲ್ಲವೂ ಇದ್ದವು. 2006ರಲ್ಲಿ ಅವು ಅಂಚೆ ಚೀಟಿಗಳಾದವು.

ಅವುಗಳಲ್ಲಿ ಒಂದರ ವಿಷಯ ಹೇಳಲೇಬೇಕು. ಮಿಸ್ಸೂರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನು ಹೊಲದಲ್ಲಿ ಹಾಕುತ್ತಿದ್ದ ಅಂಗಿ-ಷರಾಯಿಗಳನ್ನೆಲ್ಲ ಕತ್ತರಿಸಿ ಒಂದು ಕ್ವಿಲ್ಟು ಹೊಲಿದಳು. ಅವನ ನೆನಪಿಗಾಗಿ, ಹೊದ್ದು ಮಲಗುವುದಕ್ಕಾಗಿ. ಮಾಸಿದ ನೀಲಿ, ಬೂದು ಬಣ್ಣ. ಅಜ್ಜಿಯ ಸೀರೆಯ ಕೌದಿ ಹೊದ್ದು ಬೆಳೆದ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಹೆಸರು ಸಿಕ್ಕ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು 2007ರಲ್ಲಿ ಅಲ್ಲಿನ ಮೂವರು ಹೆಂಗಸರು ದಾವೆ ಹೂಡಿದರು. ಪ್ರತಿವಾದಿಗಳು ಆರೋಪವನ್ನು ಅಲ್ಲಗಳೆದರು, 2008ರಲ್ಲಿ ರಾಜಿಯಾಯಿತು. ವಿನ್ಯಾಸ ಯಾರದು, ಅದರ ಲಾಭ ಯಾರದು ಎಂಬ ಪ್ರಶ್ನೆ ಹೊಲಿಗೆಯವರಿಗೆಲ್ಲ ಇದ್ದದ್ದೇ.

ನಮ್ಮ ದೇಶದಲ್ಲಿ ರುಜು ಹಾಕಿದವರೇ ಇಲ್ಲವೆನ್ನುವಂತಿಲ್ಲ. ಬಂಗಾಳದ ಮಾನದಾಸುಂದರಿ ಎಂಬಾಕೆ ತಂದೆಗೆಂದು ಹೊಲಿದ ಕಾಂಥಾದಲ್ಲಿ ತನ್ನ ಹೆಸರನ್ನೂ ದಾರದಲ್ಲೇ ಬರೆದಿದ್ದಾಳೆ. ನಮ್ಮ ಕೌದಿಯ ಪೈಕಿ ಹೊರದೇಶದ ಗೋಡೆ ಕಂಡದ್ದು ಉತ್ತರ ಕನ್ನಡದ ಸಿದ್ದಿಯರದು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಬಂದವರು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡುಸೀಮೆಯಲ್ಲಿ ನೆಲೆಸಿದರು. ಅವರ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋಣವಾಗಿ ಮಡಿಸಿ 'ಫೂಲ' ಇಡಬೇಕು; ಹೂವಿಲ್ಲದ ಕೌದಿ ಬೋಳು ಎನ್ನುತ್ತಾರೆ. ಕ್ರೈಸ್ತರಾದರೆ ಶಿಲುಬೆ, ಮುಸಲ್ಮಾನರಾದರೆ ಅರ್ಧಚಂದ್ರ ನಡುವೆ ಬರುವುದುಂಟು. ಆಫ್ರಿಕದ ಕಲೆಯ ವಿದ್ವಾಂಸರಾದ ಹೆನ್ರಿ ಡ್ರೂವಲ್ ಇವನ್ನು ಕಂಡು, ಆ ಹೆಂಗಸರು ಸಹಕಾರಿ ಗುಂಪು ಕಟ್ಟಿಕೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಷೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಗೀಸ್ ಬೆಂಡಿನ ಕ್ವಿಲ್ಟಿಗೂ ಸಿದ್ದಿಯರ ಕೌದಿಗೂ ಇರುವ ಹೋಲಿಕೆಯನ್ನು ಆಫ್ರಿಕದ ರಕ್ತಕ್ಕೆ ಕಟ್ಟುವವರಿದ್ದಾರೆ. ಹಳೆಯ ಬಟ್ಟೆ ಎಷ್ಟು ಸಿಕ್ಕಿತೋ ಅಷ್ಟರಲ್ಲೇ ಹೊಂದಿಸಬೇಕಾದ ಬಡತನವೂ ಅಂಥ ವಿನ್ಯಾಸ ಕಲಿಸೀತು ಎಂದು ನನಗನ್ನಿಸುತ್ತದೆ.

ಅಟ್ಟದ ಮೇಲೆ ಹಳೆಯ ಕೌದಿ ಇಟ್ಟುಕೊಂಡವರಿಗೆ ಒಂದೆರಡು ಮಾತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಸಮುದ್ರದ ಹವೆಯ ಊರಲ್ಲಿ ಬೂಷ್ಟು ಖಂಡಿತ. ಹಳೆಯ ಬಿಳಿ ಧೋತರದಲ್ಲಿ ಸುತ್ತಿ, ವರ್ಷಕ್ಕೆರಡು ಸಲ ಬಿಚ್ಚಿ ನೆರಳಲ್ಲಿ ಹರಡಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಸುತ್ತಿಡಿ. ಹಾಗೆ ಹರಡಿದ ದಿನ ಮನೆಯ ಹಿರಿಯರನ್ನು ಕೂರಿಸಿಕೊಂಡು, ಈ ಇಳಕಲ್ ತುಂಡು ಯಾರ ಸೀರೆಯದು, ಹೊಲಿದವರು ಯಾರು ಎಂದು ಕೇಳಿ. ಅಂಗೈಯಗಲದ ಬಿಳಿ ಬಟ್ಟೆಯ ಮೇಲೆ ಹೆಸರು, ಊರು, ಇಸವಿಯನ್ನು ದಾರದಲ್ಲೇ ಬರೆದು ಕೌದಿಯ ಹಿಂಬದಿಯ ಮೂಲೆಗೆ ಹೊಲಿದುಬಿಡಿ. ಅಂಟು ಬೇಡ, ಬಟ್ಟೆ ಕೆಡುತ್ತದೆ.