ನಮ್ಮನೆ 800 ಮೈಮೇಲಿನ ಚರಿತ್ರೆ

(1/4)
ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಬಿಳಿ ಮಾರುತಿ 800, 2001ರ ಮಾಡೆಲ್. ಟಾಪ್ ಕಪ್ಪು, ಬಾನೆಟ್ ಕಪ್ಪು, ಮುಂದೆ ಸ್ಟೀಲ್ ಪೈಪಿನ ಗಾರ್ಡ್, ಹಿಂದಿನ ಗ್ಲಾಸ್ ಮೇಲೆ ದೊಡ್ಡದಾಗಿ ಆಂಜನೇಯ. ಕಾಲೇಜ್ ಗೇಟ್ ಹತ್ರ ಇದನ್ನ ನೋಡಿ ನಕ್ಕವರು ನಿಮ್ಮಲ್ಲೇ ಸುಮಾರು ಜನ ಇದ್ದೀರಿ, ಪರವಾಗಿಲ್ಲ. ಇದರ ಆರ್‌ಸಿ ಮುಂದಿನ ತಿಂಗಳು ಮುಗಿಯುತ್ತೆ. ರಿನ್ಯೂವಲ್‌ಗೆ ಹೋಗ್ಬೇಕು ಅಂದ್ರೆ ಮೈಮೇಲೆ ಹಾಕಿರೋದನ್ನೆಲ್ಲ ಬಿಚ್ಚಬೇಕು. ಬಿಚ್ಚೋ ಮುಂಚೆ ಯಾವುದು ಯಾವಾಗ ಬಂತು, ಯಾಕೆ ಬಂತು ಅಂತ ಬರೆದಿಡೋಣ ಅನ್ನಿಸ್ತು.

1983ಕ್ಕೆ ಮುಂಚೆ ನಮ್ಮ ದೇಶದಲ್ಲಿ ಕಾರು ಅಂದ್ರೆ ಹೆಚ್ಚುಕಮ್ಮಿ ಅಂಬಾಸಿಡರ್, ಇಲ್ಲಾಂದ್ರೆ ಪ್ರೀಮಿಯರ್ ಪದ್ಮಿನಿ. ಎಷ್ಟು ಕಾರು ತಯಾರಿಸಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. (ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ್ವಲ್ಲ, ಲೈಸೆನ್ಸ್ ರಾಜ್, ಅದೇ.) ಸರ್ಕಾರವೇ 1981ರಲ್ಲಿ ಮಾರುತಿ ಉದ್ಯೋಗ್ ಕಟ್ಟಿ, 1982ರಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 10,000 ರೂಪಾಯಿ ಮುಂಗಡ ಕಟ್ಟಿ ಬುಕ್ ಮಾಡಿದವರು ಒಂದು ಲಕ್ಷಕ್ಕೂ ಹೆಚ್ಚು ಜನ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಯನ್ನ ಇಂದಿರಾ ಗಾಂಧಿಯವರು ಹರ್‌ಪಾಲ್ ಸಿಂಗ್ ಅನ್ನೋರ ಕೈಗಿಟ್ಟರು. ಅವರು ಲಾಟರಿಯಲ್ಲಿ ಗೆದ್ದವರು. ಕಾರಿನ ಬೆಲೆ 47,500.

(2/4)
ಆ ಬೆಲೆಗೆ ಏನು ಸಿಗ್ತಿತ್ತು? 796 ಸಿಸಿ, ಮೂರು ಸಿಲಿಂಡರ್ ಎಂಜಿನ್, 12 ಇಂಚಿನ ಪುಟಾಣಿ ಚಕ್ರ, ನಾಲ್ಕು ಬಾಗಿಲು. ಮಿಕ್ಕಿದ್ದು ಅಷ್ಟಕ್ಕಷ್ಟೆ. 1986ರಲ್ಲಿ ಆಕಾರ ಬದಲಾಯ್ತು, ಸ್ವಲ್ಪ ದುಂಡಗಾಯ್ತು. ಆದ್ರೆ ಕಮ್ಮಿ ಬೆಲೆಯ ಮಾಡೆಲ್ ಆಮೇಲೂ ಬೋಳಾಗೇ ಬರ್ತಿತ್ತು. ನಮ್ಮ 2001ರ ಗಾಡಿಯನ್ನೇ ತಗೊಳ್ಳಿ: ಎಸಿ ಇಲ್ಲ, ಟೇಪ್ ಇಲ್ಲ, ಎಡಗಡೆ ಕನ್ನಡಿ ಕೂಡ ಆಮೇಲೆ ಹಾಕಿಸಿದ್ದು.

ಕಾಸ್ಟಿಂಗ್ ಓದ್ತಿರೋರಿಗೆ ಇದು ಥಟ್ ಅಂತ ಹೊಳೀಬೇಕು. ಬೆಲೆ ಇಳಿಸೋಕೆ ಕಂಪನಿ ಏನೇನು ಬಿಟ್ಟಿತೋ, ಅದನ್ನೆಲ್ಲ ಮಾಲೀಕರು ಸಂಬಳ ಬಂದಾಗ ಒಂದೊಂದೇ ತಂದು ಸಿಕ್ಕಿಸಿದರು. ಹಂಗಾಗಿ ನಮ್ಮಲ್ಲಿ ‘ಮಾಡಿಫಿಕೇಶನ್’ ಶುರುವಾಗಿದ್ದು ಶೋಕಿಯಿಂದಲ್ಲ, ಕಾರು ಅರ್ಧ ಖಾಲಿ ಬರ್ತಿದ್ದರಿಂದ ಅಂತ ನನ್ನ ವಾದ. ಶೋಕಿ ಆಮೇಲೆ ಬಂತು. ಬೆಂಗಳೂರಿನ ಜೆ.ಸಿ. ರೋಡ್ ಉದ್ದಕ್ಕೂ ಆಕ್ಸೆಸರಿ ಅಂಗಡಿ ಸಾಲು ನೋಡಿದ್ದೀರಲ್ಲ, ಅಲ್ಲಿ ಸಿಗೋ ಸೀಟ್ ಕವರ್, ಮಡ್ ಫ್ಲಾಪ್, ಸ್ಟೇರಿಂಗ್ ಕವರ್, ವೀಲ್ ಕಪ್ ಎಲ್ಲ ಈ ಖಾಲಿ ಜಾಗ ತುಂಬೋ ಸಾಮಾನೇ.

ಇನ್ನೊಂದು ಕಾರಣಾನೂ ಇದೆ. ಒಂದೇ ಬೀದಿಯಲ್ಲಿ ನಾಲ್ಕು ಬಿಳಿ 800 ನಿಂತಿದ್ರೆ ನಮ್ಮದು ಯಾವುದು ಅಂತ ಗೊತ್ತಾಗ್ಬೇಕಲ್ಲ? ಭಾರತದಲ್ಲಿ ಈ ಕಾರು 25 ಲಕ್ಷಕ್ಕೂ ಹೆಚ್ಚು ಮಾರಾಟ ಆಗಿದೆ. ಎರಡನೇ ಫೋಟೋದಲ್ಲಿರೋ ಬಾಗಿಲ ಬೀಡಿಂಗ್, ವೀಲ್ ಕಪ್ ಎರಡೂ ನಮ್ಮ ಗಾಡಿಯ ಮೊದಲ ಮಾಲೀಕರದ್ದು. ಅಪ್ಪ 2006ರಲ್ಲಿ ಸೆಕೆಂಡ್ಸ್ ತಗೊಂಡಾಗಲೇ ಇದ್ದವು.

ಮೊದಲು ಅಪ್ಪ ಅಂಟಿಸಿದ್ದು ಆಂಜನೇಯ. ‘ಮಾರುತಿ ಅಂದ್ರೇನೇ ಹನುಮಂತ ಕಣೋ, ಅವನ ಗಾಡಿ ಮೇಲೆ ಅವನೇ ಇಲ್ದಿದ್ರೆ ಹೆಂಗೆ’ ಅಂತ.

(3/4)
ಮೂರನೇ ಫೋಟೋ ಹಿಂದಿನ ಗ್ಲಾಸಿನ ಅಂಚು. ಕಂದು ಗೆರೆ ಕಾಣ್ತಿದೆಯಾ? ಅದು ಸನ್ ಫಿಲ್ಮ್ ಕಿತ್ತ ಗಮ್. ಎಸಿ ಇಲ್ಲದ ಕಾರಿಗೆ ಬೇಸಿಗೆಯಲ್ಲಿ ಸನ್ ಫಿಲ್ಮೇ ನೆರಳು. ಸೋಪಿನ ನೀರು ಚಿಮುಕಿಸಿ, ಗುಳ್ಳೆ ಬರದ ಹಾಗೆ ಸ್ಕೇಲಲ್ಲಿ ಒತ್ತಿ ಅಂಟಿಸೋದು, ಅಪ್ಪನೂ ಮಾವನೂ ಸೇರಿ ಮನೇಲೇ ಮಾಡಿದ್ದು. ರೂಲ್ 1989ರಿಂದಲೂ ಇತ್ತು: ಮುಂದೆ ಹಿಂದೆ ಗ್ಲಾಸಲ್ಲಿ 70%, ಪಕ್ಕದ್ದರಲ್ಲಿ 50% ಬೆಳಕು ಹಾಯಬೇಕು. ಯಾರೂ ಅಳೀತಿರಲಿಲ್ಲ ಅಷ್ಟೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು, ಬೆಳಕು ಎಷ್ಟೇ ಹಾಯಲಿ, ಗ್ಲಾಸಿಗೆ ಫಿಲ್ಮ್ ಅಂಟಿಸೋದೇ ಬೇಡ ಅಂತು. ಕಪ್ಪು ಗಾಜಿನ ಕಾರೊಳಗೆ ನಡೆಯೋ ಅಪರಾಧ ಅದರ ಮುಂದಿದ್ದ ವಿಷಯ. ಮೇ 4ರಿಂದ ಜಾರಿ. ಅಪ್ಪ ಅದೇ ವಾರ ಬ್ಲೇಡ್ ತಗೊಂಡು ಕೂತರು. ಗೆರೆ ಉಳೀತು.

ಗಾರ್ಡಿನ ಕಥೆ ಬೇರೆ. ಎಸ್‌ಯುವಿ ನೋಡಿ ಆಸೆ ಆಗಿ ಹಾಕಿಸಿದ್ದು. ಸುಮಾರು 650 ಕೆಜಿ ಗಾಡಿಗೆ ಆನೆ ತಡೆಯೋವಷ್ಟು ದಪ್ಪ ಪೈಪು! 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದನ್ನ ತೆಗೆಸಿ ಅಂತ ಎಲ್ಲಾ ರಾಜ್ಯಗಳಿಗೆ ಬರೀತು. ಕಾರಣ ಸರಿಯಾಗೇ ಇದೆ: ಬಂಪರ್ ಹೀರಿಕೊಳ್ಳಬೇಕಾದ ಪೆಟ್ಟನ್ನ ಪೈಪು ನೇರ ಬಾಡಿಗೆ ದಾಟಿಸುತ್ತೆ, ಅಡ್ಡ ಬಂದ ಪಾದಚಾರಿಗಂತೂ ಕಬ್ಬಿಣದಲ್ಲೇ ಹೊಡೆದಂಗೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿ ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೇಲೆ ತೀರ್ಪು ಕೊಡ್ತು. ಅಪ್ಪ ಏನು ಮಾಡಿದ್ರು? 2021ರ ರಿನ್ಯೂವಲ್‌ಗೆ ಗಾರ್ಡ್ ಬಿಚ್ಚಿಟ್ಟು ಹೋದ್ರು, ಸಂಜೆ ಬಂದು ನಾಲ್ಕು ಬೋಲ್ಟ್ ಬಿಗಿದ್ರು. ಇದನ್ನ ಹೆಮ್ಮೆಯಿಂದ ಹೇಳ್ತಿಲ್ಲ.

(4/4)
ಕಪ್ಪು ಟಾಪು, ಬಾನೆಟ್ಟು ನಂದು. ಎರಡನೇ ಲಾಕ್‌ಡೌನ್, ನಂಗೆ 15 ವರ್ಷ. ಮಾವ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಹೇಳಿಕೊಟ್ಟಿದ್ದು. ಮೊದಲು ಉಪ್ಪುಕಾಗದದಲ್ಲಿ ನೀರು ಹಾಕ್ಕೊಂಡು ಉಜ್ಜು, ಹಳೇ ಬಣ್ಣದ ಹೊಳಪು ಸಾಯಬೇಕು. ಗ್ಲಾಸಿಗೆ ಪೇಪರ್, ಟೇಪ್. ಆಮೇಲೆ ಪ್ರೈಮರ್. ಸ್ಪ್ರೇ ಡಬ್ಬಿಯನ್ನ ಒಂದೇ ಕಡೆ ಹಿಡೀಬೇಡ, ಕೈ ಓಡ್ತಾ ಇರ್ಲಿ. ನಾನು ಹಿಡಿದೆ. ಬಣ್ಣ ಕಣ್ಣೀರಿನ ಹಾಗೆ ಇಳೀತು. ಒಣಗೋ ಮುಂಚೆ ಮಳೆಯೂ ಬಂತು. ಮತ್ತೆ ಉಜ್ಜಿ ಮತ್ತೆ ಹೊಡೆದೆ. ಮುಟ್ಟಿದ್ರೆ ಇವತ್ತಿಗೂ ಕಿತ್ತಳೆ ಸಿಪ್ಪೆ ತರ ತರಿ ತರಿ. ಆದ್ರೆ ದೂರದಿಂದ ನೋಡಿ, ಚೆನ್ನಾಗಿಲ್ವಾ?

ಆರ್‌ಸಿಯಲ್ಲಿ ಬಣ್ಣ ‘ಬಿಳಿ’ ಅಂತಿದೆ. ಬಣ್ಣ ಬದಲಾದ್ರೆ ಅಲ್ಲೂ ಬದಲಾಯಿಸಿಕೊಳ್ಳಬೇಕು ಅನ್ನೋದು 15ರ ಹುಡುಗನಿಗೆ ಎಲ್ಲಿ ಗೊತ್ತು.

ಲೆಕ್ಕ ಹಾಕಿದೆ. 15 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್ ಶುಲ್ಕ 600 ಇತ್ತು, 2022ರ ಏಪ್ರಿಲಿಂದ 5,000 ಆಯ್ತು. 2025ರಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದ್ರು. ಟಿಂಕರಿಂಗ್‌ನವರು ಟಾಪು, ಬಾನೆಟ್ ಬಿಳಿ ಮಾಡೋಕೆ 9,000 ಕೇಳಿದ್ರು. ಗ್ರೀನ್ ಟ್ಯಾಕ್ಸ್ ಬೇರೆ. ಗುಜರಿಯವರು ಇಡೀ ಕಾರಿಗೇ 18,000 ಅಂದ್ರು. ನಮ್ಮ ಯಾವ ಪಠ್ಯಪುಸ್ತಕ ತೆಗೆದರೂ ಉತ್ತರ ಒಂದೇ ಬರುತ್ತೆ, ಮಾರಿಬಿಡು.

2014ರ ಜನವರಿಯಲ್ಲಿ 800 ತಯಾರಿಕೆ ನಿಂತುಹೋಯ್ತು. ಹರ್‌ಪಾಲ್ ಸಿಂಗ್ ಅವರ ಮೊದಲ ಕಾರನ್ನ ರಿಪೇರಿ ಮಾಡಿಸಿ, ಫ್ಯಾಕ್ಟರಿಯಿಂದ ಬಂದ ದಿನದ ಹಾಗೆ ಮಾಡಿ ಕಂಪನಿಯ ಮುಖ್ಯ ಕಚೇರಿಯಲ್ಲಿ ಇಟ್ಟಿದ್ದಾರೆ. ಅದು ಉಳಿಯುತ್ತೆ. ಆದ್ರೆ ನಿಮ್ಮನೆ, ನಮ್ಮನೆ 800 ಯಾವುದೂ ಆ ತರ ಇರಲಿಲ್ಲವಲ್ಲ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ‘9,000 ಅವರಿಗೆ ಯಾಕೆ, ನೀನೇ ಹೊಡೆದಿದ್ದಲ್ವಾ, ನೀನೇ ಬಿಳಿ ಮಾಡು’ ಅಂದ್ರು. ಮಾವನಿಗೆ ಫೋನ್ ಮಾಡಿದ್ದೀನಿ, ಭಾನುವಾರ ಬರ್ತಾರೆ. ಗಾರ್ಡ್ ಬಿಚ್ಚಿ ಗುಜರಿಗೆ ಕೊಟ್ಟಾಯ್ತು. ಆಂಜನೇಯನ ಬಾಲದ ಅರ್ಧ ಎದ್ದು ಬಂತು, ಮೇಲಿಂದು ಬರ್ತಿಲ್ಲ. ಹೇರ್ ಡ್ರೈಯರ್, ಸೀಮೆಎಣ್ಣೆ ಎರಡೂ ನೋಡಾಯ್ತು. ಗ್ಲಾಸಿಗೆ ಗೀರು ಬೀಳದ ಹಾಗೆ ಗಮ್ ತೆಗೆಯೋಕೆ ನಿಮ್ಮನೇಲಿ ಏನು ಹಚ್ತಾರೆ, ಕಮೆಂಟ್ ಹಾಕಿ.