ಹುಳುವಿಗೊಂದು ಮನೆ

ಪ್ರಯೋಗಶಾಲೆಯ ಪ್ರಾಣಿಗೆ ವಸತಿ, ಶುಚಿ, ಆಹಾರ ಮೂರೂ ಅಳತೆಯಲ್ಲಿರಬೇಕು. ಈ ಶಿಸ್ತು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ರೈತರ ಮನೆ ಹೊಕ್ಕದ್ದು ರೇಷ್ಮೆಹುಳುವಿನೊಡನೆ.

1865ರಲ್ಲಿ ಫ್ರಾನ್ಸಿನ ರೇಷ್ಮೆಸೀಮೆಗೆ ಹೋದ ಲೂಯಿ ಪಾಶ್ಚರನು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುವ ಕ್ರಮವನ್ನು ಕಂಡುಕೊಂಡನು. ರೋಗವು ತಾಯಿಯಿಂದಲೇ ಮೊಟ್ಟೆಗಿಳಿಯುವುದರಿಂದ ಮದ್ದಿಗೆ ಅಲ್ಲಿ ಎಡೆಯಿರಲಿಲ್ಲ. ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ನೆಚ್ಚಿರುವುದು ಈ ಪರೀಕ್ಷೆಯನ್ನೇ.

ಬಿತ್ತನೆ ಶುದ್ಧವಾದರೆ ಸಾಕೆ? ಚಾಕಿ ಹುಳುವಿಗೆ ಸುಮಾರು 27 ಡಿಗ್ರಿ ಶಾಖ, ಹೆಚ್ಚು ತೇವ, ಎಳೆಯ ಸೊಪ್ಪು ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, ಬಲಿತ ಸೊಪ್ಪು, ಧಾರಾಳ ಗಾಳಿ. ತಟ್ಟೆಗಳ ಪಕ್ಕದಲ್ಲೇ ಮಕ್ಕಳು ಮಲಗುತ್ತಿದ್ದ ಮನೆಗಳಲ್ಲಿ ಈ ಲೆಕ್ಕವನ್ನು ಉಷ್ಣಮಾಪಕವಿಲ್ಲದೆ ಅಂಗೈಯಿಂದಲೇ ಅಳೆದು, ಹಿಕ್ಕೆ ತೆಗೆದು, ಇರುಳಲ್ಲೂ ಸೊಪ್ಪು ಹಾಕಿದವರು ಹೆಚ್ಚಾಗಿ ಹೆಂಗಸರು. ಇತಿಹಾಸಕಾರರು ಪಾಶ್ಚರನನ್ನು ನೆನೆದಷ್ಟು ಇವರನ್ನು ನೆನೆದಿಲ್ಲ. ಬೆಳೆ ಮುಗಿದೊಡನೆ ಫಾರ್ಮಲಿನ್ ಸಿಂಪಡಿಸಬೇಕು. ಕಣ್ಣುರಿಸುವ ಆ ಘಾಟು ಆರಿದ ಮೇಲೆ ಅದೇ ಸೂರಿನಡಿ ಅಡುಗೆಯಾಗಬೇಕು.

1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದಿತು. ಹುಳುವಿನ ಮೈಮೇಲೆ ಅದು ಮೊಟ್ಟೆಯಿಟ್ಟರೆ ಗೂಡಿನ ಆಸೆ ತೀರಿತು. ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಬಂದದ್ದು ಆಗ. ಮನುಷ್ಯರು ಓಡಾಡುವ ಮನೆಗೆ ಪರದೆ ನಿಲ್ಲುವುದೆಂತು? ಅನುಕೂಲವಿದ್ದವರು ಹುಳುವಿಗೇ ಬೇರೆ ಮನೆ ಕಟ್ಟಿಸಿದರು. ನಡುಮನೆ ಮತ್ತೆ ಮಕ್ಕಳ ಪಾಲಾಯಿತು.